ದೋಣಿ ಚಪ್ಪರದ ಶಾಲೆ

ಮಂಜಗುಣಿ ಹತ್ತಿರದ ಆ ಮೀನುಗಾರರ ಕೇರಿಯಲ್ಲಿ ಮೊದಲ ಶಾಲೆ ನಡೆದದ್ದು ಕಾಶಿಯ ಗಂಡ ದುರ್ಗಪ್ಪನ ದೋಣಿ ಚಪ್ಪರದಲ್ಲಿ. ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು ಅನ್ನಿ. ದೋಣಿ ನೀರಿಗಿಳಿದು ಚಪ್ಪರ ಖಾಲಿಯಾದಾಗ ಮಕ್ಕಳೆಲ್ಲ ಬಲೆ ಎಳೆಯಲು ದಂಡೆಯಲ್ಲಿರುತ್ತಿದ್ದರು. ಮಳೆಗಾಲದಲ್ಲಿ ಮಕ್ಕಳಿಗೆ ಪುರಸೊತ್ತು ಸಿಕ್ಕಾಗ ದೋಣಿ ಬಂದು ಚಪ್ಪರ ತುಂಬುತ್ತಿತ್ತು. ಪೇಟೆಯಿಂದ ಬರುತ್ತಿದ್ದ ಮಾಸ್ತರರು ಕೈಚೆಲ್ಲಿದರು.

ಕಾಶಿಯ ಮಗ ರಾಮನಾಥನಿಗೆ ಆಗ ಆರು ತುಂಬಿತ್ತು. ತನಗಂತೂ ಅಕ್ಷರ ಹತ್ತಲಿಲ್ಲ, ಮಗನಿಗಾದರೂ ಹತ್ತಲಿ ಎಂದು ಅವಳ ಹಟ. ಮಳೆಗಾಲದಲ್ಲಿ ದೋಣಿ ಹೊರಗಿರಲಿ, ತೆಂಗಿನ ಮಡಲು ಹೊದೆಸಿದರಾಯಿತು ಎಂದು ಗಂಡನ ಬೆನ್ನು ಬಿದ್ದಳು. ದುರ್ಗಪ್ಪ ಗೊಣಗಿ ಒಪ್ಪಿದ. ಶಾಲೆ ಮಳೆಯಲ್ಲೂ ನಡೆಯಿತು. ಮೂರನೇ ಮಳೆಗಾಲ ಮುಗಿದು ಮಡಲು ಸರಿಸಿ ನೋಡಿದರೆ, ದೋಣಿಯ ತಳದ ಹಲಗೆ ಕೊಳೆತು, ಒತ್ತಿದ ಬೆರಳು ಒಳಗಿಳಿಯುತ್ತಿತ್ತು.

ದೋಣಿ ಹೋದ ಮೇಲೆ ದುರ್ಗಪ್ಪ ಪರರ ದೋಣಿಗೆ ಕೂಲಿ ಹೋದ. ಅದು ಅಳಿವೆಬಾಯಲ್ಲಿ ಮಗುಚಿತು. ದುರ್ಗಪ್ಪನ ಹೆಣವೂ ಸಿಗಲಿಲ್ಲ. ನಿನ್ನ ಶಾಲೆ ನನ್ನ ಮಗನನ್ನು ತಿಂದಿತು ಎಂದು ಅತ್ತೆ ಸಾಯುವವರೆಗೂ ಹಂಗಿಸಿದಳು. ಆದರೂ ಕಾಶಿ ಚಪ್ಪರವನ್ನು ಶಾಲೆಗೇ ಉಳಿಸಿದಳು. ಬಾಳೆಗುಳಿಯವರೆಗೆ ಮೀನುಬುಟ್ಟಿ ಹೊತ್ತು ಮಗನನ್ನು ಓದಿಸಿದಳು. ಮುಂದೆ ಅದೇ ಜಾಗದಲ್ಲಿ ಸರ್ಕಾರ ಹೆಂಚಿನ ಶಾಲೆ ಕಟ್ಟಿಸಿತು. ಆ ಹೆಂಚು ಕಂಡಾಗಲೆಲ್ಲ, ಗಂಡ ಸುಮ್ಮನೆ ಸಾಯಲಿಲ್ಲ ಎಂದು ಅವಳು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಅವಳಿಗಿದ್ದ ಸಮಾಧಾನ ಅದೊಂದೇ.

೨೦೦೭ರ ಹೊತ್ತಿಗೆ ಕೇರಿಯ ಮಕ್ಕಳು ವ್ಯಾನು ಹತ್ತಿ ಅಂಕೋಲೆಯ ಇಂಗ್ಲಿಷ್ ಶಾಲೆಗೆ ಹೋಗತೊಡಗಿದರು. ಇಲ್ಲಿ ಉಳಿದವಳು ರಾಮನಾಥನ ಮಗಳು ಚಂದನಾ ಒಬ್ಬಳೇ. ಅವಳೂ ಹೋದರೆ ಬಾಗಿಲಿಗೆ ಬೀಗ. ಯಾರ ಮುಂದೆಯೂ ಬಾಗದ ಕಾಶಿ ಸೊಸೆ ಅಮಿತಾಳ ಮುಂದೆ ಸೆರಗೊಡ್ಡಿದಳು.

“ನಿಮ್ಮ ಮಗಂಗೆ ಚಲೋದಾಗ್ಲಿ ಅಂತೇ ನೀವು ದೋಣಿ ಹೊರಗಿಟ್ರಿ, ಅತ್ತೆ,” ಎಂದಳು ಅಮಿತಾ. “ನನ್ನ ಮಗಳಿಗೂ ನಾ ಅದೇ ನೋಡೂದು.”

ಜೂನಿನಲ್ಲಿ ಚಂದನಾ ವ್ಯಾನು ಹತ್ತಿದಳು, ಶಾಲೆಗೆ ಬೀಗ ಬಿತ್ತು.

ಮರುವರ್ಷ ಮಳೆಗಾಳಿ ಎದ್ದ ದಿನ ನೆರೆಮನೆಯ ಹುಲಿಯಾ ಬಂದು, ಪಾಳುಬಿದ್ದ ಶಾಲೆಯ ಜಗಲಿಗೆ ತನ್ನ ಸಣ್ಣ ದೋಣಿ ಎಳೆದಿಡಲೇ ಎಂದು ತಲೆ ತಗ್ಗಿಸಿ ಕೇಳಿದ. ಅವನ ಹೆಂಡತಿ ನಾಗಿ ಹಿಂದೆ ನಿಂತಿದ್ದಳು. ಕಾಶಿ ಅವಳ ಕೊರಳಿನ ಕರಿಮಣಿಯನ್ನೇ ನೋಡಿದಳು.

“ಇಡು, ಹುಲಿಯಾ. ದೋಣಿ ಮಳೆಗೆ ಬಿಡೂಕಾಗ,” ಎಂದು ತಾನೇ ಹೋಗಿ ಹಗ್ಗಕ್ಕೆ ಕೈ ಹಾಕಿದಳು.