ಕುಂತಿಯ ಹಿಂದೆ ನಿಂತವಳು

"ಈ ಗೋಡೆಗೊಂದು ಬಣ್ಣ ಹೊಡೀಬೇಡ ತಮಾ. ನನ್ನ ಮಗಳು ಸಾಯೂಕೆ ಮುಂಚೆ ಬರ್ದಿದ್ದು."

ತ್ಯಾಗಲಿ ಎಂಬ ಊರಿನ ಹತ್ತಿರದ ಒಂದು ಮನೆಗೆ ಬಣ್ಣ ಹೊಡೆಯಲು ಹೋಗಿದ್ದೆ. ಆ ಮನೆಯ ಅಮ್ಮ ಹೀಗೆ ಹೇಳಿ ಗೋಡೆಗೆ ಅಡ್ಡ ನಿಂತರು. ಅಲ್ಲಿ ಕೆಮ್ಮಣ್ಣಿನಲ್ಲಿ ಬರೆದ ಚಿತ್ರವಿತ್ತು. ಕುಂತಿ ಕರ್ಣನನ್ನು ಹೊಳೆಗೆ ಬಿಡುವ ಕಥೆ. ಯಕ್ಷಗಾನ ನೋಡಿದ ನನಗೂ ಅದು ಗೊತ್ತು. ನೀರಿನಲ್ಲಿ ಪೆಟ್ಟಿಗೆ, ಅದರೊಳಗೆ ಕೂಸು, ಪೆಟ್ಟಿಗೆ ಹಿಡಿದುಕೊಂಡ ಕುಂತಿ. ಅವಳ ಹಿಂದೆ ಇನ್ನೊಬ್ಬ ಹೆಂಗಸು. ಆ ಹಿಂದಿನವಳ ಹಣೆಗೆ ಮಾತ್ರ ನಿಜವಾದ ಕುಂಕುಮ ಹಚ್ಚಿತ್ತು.

"ಇದು ಯಾರು?" ಎಂದು ಕೇಳಿದೆ.

"ಗಂಗಮ್ಮ. ಕೂಸು ಕಾಯೂಕೆ ಬಂದದ್ದು. ನಾನೇ ದಿನಾ ಕುಂಕುಮ ಇಡ್ತೆ."

"ಗಂಗಮ್ಮ ಆದ್ರೆ ನೀರಲ್ಲಿರ್ಬೇಕಿತ್ತಲ್ಲ ಅಮ್ಮ. ಇವ್ಳು ದಡದ ಮೇಲಿದ್ದಾಳೆ. ಪೆಟ್ಟಿಗೆಯಿಂದ ಕುಂತಿ ಕೈ ಬಿಡಿಸ್ತಾ ಇದ್ದಾಳೆ, ನೋಡಿ."

ಅಮ್ಮ ಗೋಡೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಆ ಕುಂಕುಮ ಒರೆಸಿದರು.

"ಇದು ನಾನು ತಮಾ. ಮಗಳಿಗೆ ಮದ್ವೆಗೆ ಮುಂಚೆ ಆದ ಕೂಸು. ಕೊಡೂದಿಲ್ಲ ಅಂತ ಅಪ್ಕಂಡು ಕೂತಿದ್ಲು. ಮರ್ಯಾದೆ ಹೋಗ್ತದೆ ಅಂತ ನಾನೇ ಕಿತ್ತು ಯಾರಿಗೋ ಕೊಟ್ಟೆ."

"ಹಾಗಾದ್ರೆ ಬಣ್ಣ ಹೊಡೆದುಬಿಡ್ಲಾ?" ಎಂದೆ.

"ಬೇಡ. ಇರ್ಲಿ," ಎಂದು ಅದರ ಎದುರೇ ಕೂತುಬಿಟ್ಟರು.

ಕಣ್ಣಿಗೆ ಕಂಡದ್ದನ್ನು ಹೇಳಿದೆ, ಅಷ್ಟೇ. ಹೇಳದೇ ಇದ್ದಿದ್ದರೆ, ಮಗಳು ಬರೆದದ್ದು ದೇವರನ್ನು ಎಂದೇ ಆ ತಾಯಿ ನಂಬಿಕೊಂಡಿರುತ್ತಿದ್ದರು.