ಅಜ್ಜನ ಹಳೆಯ ಹೆಸರು

ಉತ್ತರದ ಹಿಮನಾಡಿನ ನಮ್ಮ ವಿಲ್ಯುಯ್ ನದಿಯ ಕಡೆ ಕರಡಿಯ ಹೆಸರೆತ್ತುವವರಿಲ್ಲ. ‘ಅಜ್ಜ’ ಎನ್ನುತ್ತೇವೆ, ಅದೂ ಪಿಸುದನಿಯಲ್ಲಿ. ಅವನು ನೆಲಕ್ಕೆ ಕಿವಿಯಿಟ್ಟು, ತನ್ನ ಬಗ್ಗೆ ಆಡಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾನಂತೆ. ಹೀಗೆ ಹೆದರಿ ಹೆದರಿ ನಾವು ಸಖಾ ಜನ ಅವನ ನಿಜವಾದ ಹೆಸರನ್ನೇ ಕಳೆದುಕೊಂಡೆವು.

ಶಾಲೆಯಲ್ಲಿ ಸಖಾ ಭಾಷೆ ಕಲಿಸುತ್ತಿದ್ದ ನನ್ನ ನೆರೆಮನೆಯ ಕೆಸ್ಕಿಲ್‌ಗೆ ಆ ಹೆಸರಿನ ಹುಚ್ಚು ಹಿಡಿಯಿತು. ಮದುವೆಯಾಗಲಿಲ್ಲ, ಬೇಟೆ ಕಲಿಯಲಿಲ್ಲ. ನಮ್ಮ ಭಾಷೆಗೆ ನಂಟಿರುವ ಟುವಾ ಜನರ ಮಾತು, ತುರ್ಕಿಯವರ ಮಾತು, ಕಲ್ಲಿನ ಮೇಲೆ ಕೆತ್ತಿದ ಪುರಾತನ ಮಾತು, ಎಲ್ಲವನ್ನೂ ಜಾಲಾಡಿದ. ಅವನಿಗೆ ಗುರು, ಗೆಳತಿ ಎಲ್ಲ ತಾಯಿ ಒಗ್ದೋ. ಹಾಲು ಕರೆಯುತ್ತಲೇ ಅವಳು ಯಾರೂ ಬಳಸದ ಪದಗಳನ್ನು ಮಗನಿಗೆ ಹೇಳಿಕೊಡುತ್ತಿದ್ದಳು. ಈ ಒಂದು ಹೆಸರಿನ ಮಾತು ಬಂದರೆ ಮಾತ್ರ ತಡೆಯುತ್ತಿದ್ದಳು.

"ಅಜ್ಜನ ತಂಟೆಗೆ ಹೋಗ್ಬೇಡ್ವೋ. ನಿಂಗೆ ಬೇರೆ ಪದ ಸಿಗ್ಲಿಲ್ವಾ?"

"ಪದಕ್ಕೇನಮ್ಮಾ ಹಲ್ಲಿರುತ್ತಾ?" ಎಂದು ಅವನು ನಗುತ್ತಿದ್ದ.

ಕಾಡು ಹೊತ್ತಿ ಉರಿದ ಆ ಬೇಸಿಗೆ ಅವನು ಊರವರು ಸಭೆ ಸೇರುವ ಕ್ಲಬ್ಬಿಗೆ ಜನರನ್ನು ಕರೆದ. ನಮ್ಮ ನಾಲಿಗೆಯಲ್ಲಿ ಆ ಹೆಸರು ಹೇಗಿದ್ದಿರಬೇಕೆಂದು ಗಟ್ಟಿಯಾಗಿ ಹೇಳಿಯೇಬಿಟ್ಟ. ಮುದುಕರು ಎದ್ದು ಹೊರಟರು. ನಾನಂತೂ ಅದನ್ನಿಲ್ಲಿ ಬರೆಯಲಾರೆ, ಬೈಯುವವರು ಬೈದುಕೊಳ್ಳಲಿ.

ಹಣ್ಣು ಬಿಡುವ ಕಾಲಕ್ಕೆ ಅವನ ತಮ್ಮ ಎರ್ಚಿಮ್ ಹುಲ್ಲು ತರಲು ಹೋದವನು ಮರಳಲಿಲ್ಲ. ಅಜ್ಜ ಅವನನ್ನು ಕೊಂದಿದ್ದ.

ಕಾಡು ಸುಟ್ಟುಹೋಗಿತ್ತು, ಹಸಿದ ಪ್ರಾಣಿ ಊರಿನತ್ತ ಇಳಿದಿತ್ತು, ಅಷ್ಟೇ. ಆದರೆ ಬೆಂಕಿ ಆರಿಸಲು ಒಬ್ಬನನ್ನೂ ಕಳಿಸದ ಅಧಿಕಾರಿಗಳನ್ನು ನಮ್ಮೂರು ಬೈಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ನಾವು.

"ಹೆಸರು ಹಿಡಿದು ಕರೆದ್ರಲ್ಲ ಮೇಷ್ಟ್ರೇ, ಬಂದ ನೋಡಿ!" ಎಂದು ಅಂಗಡಿಯ ಮುಂದೆ ಒಬ್ಬ ಚುಚ್ಚಿದ. ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ನನಗೆ ಅವರ ಮುಖಕ್ಕೆ ಉಗಿಯಬೇಕೆನ್ನಿಸಿತು.

ಊರು ಏನಾದರೂ ಅಂದುಕೊಳ್ಳಲಿ, ಅಮ್ಮ ಹಾಗೆನ್ನದಿದ್ದರೆ ಸಾಕಿತ್ತು ಕೆಸ್ಕಿಲ್‌ಗೆ. ಮಣ್ಣು ಮಾಡಿ ಬಂದ ದಿನ ನಾನೂ ಅವರ ಮನೆಯಲ್ಲೇ ಇದ್ದೆ.

"ಅಮ್ಮಾ, ನೀನೂ ಇದನ್ನ ನಂಬ್ತೀಯಾ?"

ಒಗ್ದೋ ಚಹಾಕ್ಕೆ ಹಾಲು ಹಾಕುತ್ತ, ತಲೆಯೆತ್ತದೆ ಹೇಳಿದಳು: "ಅಷ್ಟೊಂದು ದೇಶದ ಮಾತು ಜಾಲಾಡಿದ್ಯಲ್ಲಪ್ಪಾ. ಎರ್ಚಿಮ್ ಹೆಂಡ್ತಿ ಒಲೆ ಮುಂದೆ ಕೂತವ್ಳೆ. ಅವಳಿಗೆ ಹೇಳೋಕೆ, ಯಾವುದ್ರಲ್ಲಾದ್ರೂ ಒಂದು ಮಾತು ಸಿಗುತ್ತಾ ನೋಡು."

ಕೆಸ್ಕಿಲ್ ಒಲೆಯ ಕಡೆ ತಿರುಗಿದ. ಹೋಗಿ ಒಲೆಗೆ ಒಂದು ಸೌದೆ ತಳ್ಳಿದ.

ತಾನು ಸಾಯುವವರೆಗೂ ಒಗ್ದೋ ಅವನಿಗೆ ಹೊತ್ತುಹೊತ್ತಿಗೆ ಬೇಯಿಸಿ ಹಾಕಿದಳು. ಮತ್ತೆ ಒಂದು ಹಳೆಯ ಪದವನ್ನೂ ಹೇಳಿಕೊಡಲಿಲ್ಲ. ಅವನೂ ಕೇಳಲಿಲ್ಲ.