ಎರಡನೆಯ ಲೋಟದ ಭಾರ

ಶನಿವಾರ ಸಂಜೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿರುವ ದಿವ್ಯಳ ಟ್ರೆಕ್ಕಿಂಗ್ ಸಾಮಾನಿನ ಅಂಗಡಿಗೆ ವೆಂಕಟಾಚಲ ಕಾಲಿಟ್ಟರೆಂದರೆ ಅವಳಿಗೆ ಶನಿ ವಕ್ಕರಿಸಿದಂತೆಯೇ. ಜೀವಮಾನವೆಲ್ಲ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗಿ ನಿವೃತ್ತರಾಗಿ, ಈಗ ಒಬ್ಬರೇ ಬೆಟ್ಟ ಹತ್ತುವ ಈ ಮಹಾನುಭಾವರಿಗೆ ತಮ್ಮ ಹಳೆಯ ಗ್ಯಾಸ್ ಒಲೆಗಿಂತ ಹಗುರವಾದದ್ದು ಬೇಕು. ಬೇಕು ಬೇಕು ಎನ್ನುತ್ತಲೇ ಮಳೆಗಾಲ ಕಳೆದು ಚಳಿಗಾಲ ಬಂದಿದೆ. ಒಲೆಯನ್ನು ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, "ಇದು ಸ್ವಲ್ಪ ಭಾರ ಅಲ್ವೇನಮ್ಮ?" ಎನ್ನುತ್ತಾರೆ. ಇನ್ನೂ ಹಗುರದ್ದು ಕೊಟ್ಟರೆ "ಪಾತ್ರೆ ವಾಲುತ್ತೆ" ಎಂದು ಮೂಗು ಮುರಿಯುತ್ತಾರೆ. ಗಾಳಿಗೆ ಆರುತ್ತದೆಯೋ ಎಂದು ಫ್ಯಾನಿನ ಕೆಳಗೆ ಹಚ್ಚಿಸಿ ನೋಡುತ್ತಾರೆ. ಬೆನ್ನಿನ ಚೀಲದ ಭಾರ ಇಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಕತ್ತರಿಸಿದವರು, ಅಂಗಿಯ ಲೇಬಲ್ ಕಿತ್ತವರು. ಬಿಟ್ಟರೆ ಹುಬ್ಬನ್ನೂ ಬೋಳಿಸಿಯಾರು. ಮೊನ್ನೆ ಅಂತೂ ಒಂದು ಒಲೆ ಒಪ್ಪಿಗೆಯಾಯಿತು ಎನ್ನುವಷ್ಟರಲ್ಲಿ ಚೀಲದಿಂದ ಎರಡು ಸ್ಟೀಲ್ ಲೋಟ ತೆಗೆದಿಟ್ಟು, "ಎರಡು ಲೋಟ ಕಾಫಿಗೆ ಆಗುತ್ತಾ ನೋಡೋಣ" ಎಂದರು. ದಿವ್ಯಳ ತಾಳ್ಮೆ ಕೆಟ್ಟಿತು. "ಹೋಗೋರು ಒಬ್ರೇ ಅಲ್ವಾ ಸಾರ್? ಬ್ರಷ್ ಕತ್ತರಿಸ್ಬಿಟ್ಟು ಇನ್ನೊಂದು ಲೋಟ ಯಾಕ್ ಹೊರ್ತೀರಾ?" ಅವರು ಅವಳನ್ನೇ ವಿಚಿತ್ರವಾಗಿ ನೋಡಿದರು. "ಅದಕ್ಕೇ ತಾನೇ ಕತ್ತರಿಸಿದ್ದು? ಬೆಟ್ಟದ ಮೇಲೆ ಯಾರಾದ್ರೂ ಸಿಕ್ಕಿದ್ರೆ, ಅವರೆದುರು ನಾನೊಬ್ನೇ ಹೇಗಮ್ಮ ಕುಡೀಲಿ? ಪ್ರತಿ ಸಲಾನೂ ತಗೊಂಡು ಹೋಗ್ತೀನಿ." ದಿವ್ಯ ಲೋಟಗಳತ್ತ ನೋಡಿದಳು. ಒಂದು ನೆಗ್ಗಿ, ಮಸಿ ಹಿಡಿದು ಕಪ್ಪಾಗಿತ್ತು; ಇನ್ನೊಂದರ ಮೇಲೆ ಪಾತ್ರೆ ಅಂಗಡಿಯ ಚೀಟಿ ಇನ್ನೂ ಹಾಗೇ ಅಂಟಿಕೊಂಡಿತ್ತು.